ಹಲ್ಲು ಕೀಳಿಸಿದ ಮೇಲೆ: ರಕ್ತ ನಿಲ್ಲಿಸುವ, ಗಾಯ ಕಾಪಾಡುವ ಬಗೆ

ಮೂಡಿಗೆರೆಯ ಆಚೆಯ ತೋಟಗಳಿಂದ ಚಿಕ್ಕಮಗಳೂರಿಗೋ, ಸಕಲೇಶಪುರದ ಕಡೆಯ ಹಳ್ಳಿಗಳಿಂದ ಹಾಸನಕ್ಕೋ ಬಂದು ಹಲ್ಲು ಕೀಳಿಸಿಕೊಳ್ಳುವವರು ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಸಂಜೆ ಕೀಳಿಸಿಕೊಂಡು ಕೊನೆಯ ಬಸ್ಸಿನಲ್ಲಿ ಊರು ಸೇರಿದ ಮೇಲೆ ರಾತ್ರಿ ರಕ್ತ ಶುರುವಾದರೆ ಮತ್ತೆ ವೈದ್ಯರನ್ನು ತಲುಪುವುದು ಕಷ್ಟ. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು, ಸಣ್ಣ ಗಾಯಕ್ಕೂ ಬಹಳ ಹೊತ್ತು ರಕ್ತ ಸುರಿಯುವವರು ಅದನ್ನು ಮೊದಲೇ ತಿಳಿಸಬೇಕು. ಆದರೆ ಆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಏಕೆಂದರೆ ಅದರಿಂದಾಗುವ ಅಪಾಯ ಹಲ್ಲಿನ ರಕ್ತಸ್ರಾವಕ್ಕಿಂತ ದೊಡ್ಡದು.

ಹಲ್ಲು ಹೊರಬಂದ ಗುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಕೆಳಗಿನ ಮೂಳೆಗೂ ನರಗಳ ತುದಿಗೂ ಆ ಹೆಪ್ಪೇ ಮುಚ್ಚಳ, ಅದರೊಳಗಿಂದಲೇ ಹೊಸ ಅಂಗಾಂಶ ಬೆಳೆಯಬೇಕು. ಮುಂದೆ ಹೇಳುವ ಎಲ್ಲ ಪಥ್ಯವೂ ಈ ಹೆಪ್ಪು ಕದಲದಂತೆ ನೋಡಿಕೊಳ್ಳುವುದಕ್ಕಾಗಿಯೇ ಇದೆ.

ವೈದ್ಯರು ಇಟ್ಟ ಗಾಜ್ ಬಟ್ಟೆಯನ್ನು 30ರಿಂದ 45 ನಿಮಿಷ ಬಿಗಿಯಾಗಿ ಕಚ್ಚಿ ಹಿಡಿಯಬೇಕು. ಮಾತನಾಡಬಾರದು, ನಿಂತಿತೇ ಎಂದು ಮತ್ತೆ ಮತ್ತೆ ತೆಗೆದು ನೋಡಬಾರದು, ಎಂಜಲನ್ನು ಉಗುಳದೆ ನುಂಗಬೇಕು. ಸಾಧ್ಯವಿದ್ದರೆ ಈ ಹೊತ್ತನ್ನು ಕ್ಲಿನಿಕ್ಕಿನಲ್ಲೇ ಕಳೆದು, ರಕ್ತ ನಿಂತಿರುವುದನ್ನು ತೋರಿಸಿಕೊಂಡು ಬಸ್ ನಿಲ್ದಾಣಕ್ಕೆ ಹೊರಡಿ.

ಮೊದಲ ದಿನ ಎಂಜಲು ತಿಳಿಗೆಂಪಾಗಿರುವುದು ಸಹಜ. ಒಂದು ಹನಿ ರಕ್ತ ಬಾಯಿತುಂಬ ಎಂಜಲಿನೊಡನೆ ಬೆರೆತಾಗ ಬಹಳವೆಂಬಂತೆ ಕಾಣುತ್ತದೆ, ಗಾಬರಿಯಾಗಬೇಕಿಲ್ಲ. ಬಾಯಿ ಮತ್ತೆ ಮತ್ತೆ ಕಡುಗೆಂಪು ರಕ್ತದಿಂದ ತುಂಬಿಕೊಂಡರೆ ಮಾತ್ರ ನೆಟ್ಟಗೆ ಕುಳಿತು, ಶುದ್ಧ ಗಾಜ್ ಬಟ್ಟೆಯನ್ನು ನೀರಿನಲ್ಲಿ ಒದ್ದೆ ಮಾಡಿ ಮಡಿಸಿ, ಸರಿಯಾಗಿ ಗುಳಿಯ ಮೇಲೆಯೇ ಇಟ್ಟು, ಗಡಿಯಾರ ನೋಡಿಕೊಂಡು 30 ನಿಮಿಷ ಕಚ್ಚಬೇಕು. ಗಾಜ್ ಇಲ್ಲದಿದ್ದರೆ ಒದ್ದೆ ಮಾಡಿದ ಟೀ ಬ್ಯಾಗ್ ಆಗಬಹುದು. ಚಹಾದಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ. ನಮ್ಮ ಕಡೆ ಗಾಯಕ್ಕೆ ಕಾಫಿಪುಡಿ ಒತ್ತುವ ರೂಢಿಯಿದೆ. ಹಲ್ಲಿನ ಗುಳಿಗೆ ಅದನ್ನಾಗಲಿ, ನಶ್ಯವನ್ನಾಗಲಿ, ಅರಿಶಿನವನ್ನಾಗಲಿ ದಯವಿಟ್ಟು ತುಂಬಬೇಡಿ, ಸೋಂಕು ತಗುಲುತ್ತದೆ. ಎರಡು ಸಲ ಹೀಗೆ ಒತ್ತಿ ಹಿಡಿದರೂ ನಿಲ್ಲದಿದ್ದರೆ ಹೊತ್ತು ನೋಡದೆ ಆಸ್ಪತ್ರೆಗೆ ಹೋಗಬೇಕು.

ಮೊದಲ 24 ಗಂಟೆ ಬಾಯಿ ಮುಕ್ಕಳಿಸಬಾರದು, ಉಗುಳಬಾರದು, ಸ್ಟ್ರಾದಲ್ಲಿ ಹೀರಬಾರದು. ಈ ಮೂರರಿಂದಲೂ ಹೆಪ್ಪು ಕಿತ್ತುಬರಬಹುದು. ಬೀಡಿ, ಸಿಗರೇಟು, ಹೊಗೆಸೊಪ್ಪು, ಎಲೆಅಡಿಕೆಯನ್ನು ಕನಿಷ್ಠ ಮೂರು ದಿನ ದೂರವಿಡಬೇಕು. ಬಿಸಿ ಕಾಫಿಯನ್ನು ಒಂದು ದಿನ ಬಿಡಬೇಕೆನ್ನುವುದು ಈ ಸೀಮೆಯವರಿಗೆ ಕಠಿಣವೇ, ಆದರೆ ಬಿಸಿಗೆ ರಕ್ತ ಮತ್ತೆ ಜಿನುಗುತ್ತದೆ. ರಾಗಿ ಗಂಜಿಯನ್ನೂ ಮೊಸರನ್ನವನ್ನೂ ತಣ್ಣಗಾಗಿಸಿ ತಿನ್ನಬಹುದು. ಅಗಿಯದೆ ನುಂಗುವ ಮುದ್ದೆ ಬೆಚ್ಚಗಾಗಿದ್ದು, ಸಾರಿನಲ್ಲಿ ಖಾರ ಕಡಿಮೆಯಿದ್ದರೆ ಅದೂ ಹಿತವೇ. ತುಟಿಯ ಮರಗಟ್ಟುವಿಕೆ ಪೂರ್ತಿ ಬಿಡುವ ತನಕ ಮಾತ್ರ ಏನನ್ನೂ ಅಗಿಯಬೇಡಿ, ತುಟಿ ಕಚ್ಚಿಕೊಂಡರೂ ತಿಳಿಯುವುದಿಲ್ಲ. ಕೊಯ್ಲಿನ ಕಾಲವಾದರೂ ಎರಡು ದಿನ ಮೂಟೆ ಹೊರಬಾರದು. ಮಲಗುವಾಗ ತಲೆಗೆ ಎರಡು ದಿಂಬು ಇರಲಿ. ನೋವಿಗೆ ವೈದ್ಯರು ಬರೆದ ಮಾತ್ರೆಯನ್ನಷ್ಟೇ ನುಂಗಬೇಕು. ಅಂಗಡಿಯಲ್ಲಿ ಕೇಳಿ ಆಸ್ಪಿರಿನ್ ತಂದರೆ ರಕ್ತ ಹೆಚ್ಚುತ್ತದೆ.

ಮರುದಿನದಿಂದ ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಕದಡಿ, ಊಟವಾದ ಮೇಲೆಲ್ಲ ಬಾಯಲ್ಲಿ ಮೆಲ್ಲನೆ ಅತ್ತಿತ್ತ ಹೊರಳಿಸಿ, ತಾನಾಗಿಯೇ ಸುರಿದುಹೋಗಲು ಬಿಡಬೇಕು. ಊತ ಎರಡು ಮೂರು ದಿನ ಏರಿ ಆಮೇಲೆ ಇಳಿಯುತ್ತದೆ. ನೋವು ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಮೂರನೆಯ ದಿನದ ಹೊತ್ತಿಗೆ ಅದು ಹೆಚ್ಚಾಗಿ, ಕಿವಿಯವರೆಗೂ ಸಿಡಿದು, ಬಾಯಿ ವಾಸನೆ ಬರುತ್ತಿದ್ದರೆ ಹೆಪ್ಪು ಕಳಚಿ ಮೂಳೆ ತೆರೆದುಕೊಂಡಿರಬಹುದು. ಕೆಳದವಡೆಯ ಹಲ್ಲು ಕೀಳಿಸಿದವರಲ್ಲಿ, ಬೀಡಿ ಸೇದುವವರಲ್ಲಿ ಇದು ಹೆಚ್ಚು. ವೈದ್ಯರು ಗುಳಿ ತೊಳೆದು ಔಷಧ ತುಂಬಿದರೆ ನೋವು ಬೇಗ ಇಳಿಯುತ್ತದೆ, ಆದ್ದರಿಂದ ಸಹಿಸಿಕೊಂಡು ಕೂರಬೇಡಿ. ಜ್ವರ ಬಂದರೆ ಅದೇ ದಿನ ತೋರಿಸಿ. ನಾಲಿಗೆಯ ಕೆಳಗೆ ಊದಿಕೊಂಡರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಕ್ಷಣ 108ಕ್ಕೆ ಕರೆ ಮಾಡಿ.

ವಸಡು ಎರಡು ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ, ಒಳಗಿನ ಮೂಳೆ ತುಂಬಲು ತಿಂಗಳುಗಳೇ ಬೇಕು. ಈ ನಡುವೆ ಗುಳಿಯ ಮೇಲೆ ಬಿಳಿಹಳದಿ ಪದರವೊಂದು ಕಾಣಿಸುತ್ತದೆ. ಹಲವರು ಅದನ್ನು ಕೀವೆಂದು ತಿಳಿದು ಕಡ್ಡಿಯಿಂದ ಕೆರೆದು ತೆಗೆಯುತ್ತಾರೆ; ನೋವಾಗಲಿ ಕೆಟ್ಟ ವಾಸನೆಯಾಗಲಿ ಇಲ್ಲದಿದ್ದರೆ ಅದು ಮಾಗುತ್ತಿರುವ ಗಾಯದ ಹೊದಿಕೆ, ಅದನ್ನು ಮುಟ್ಟಬಾರದು.