ಐವತ್ತೊಂಬತ್ತು ವರ್ಷಗಳ ಜನಪ್ರತಿನಿಧಿಯ ಬದುಕನ್ನು ಬರೆಯುವ ಬಗೆ: ಜಾನ್ ಡಿಂಗೆಲ್ ಅವರ ನಿದರ್ಶನ

ಅಮೆರಿಕದ ಜನಪ್ರತಿನಿಧಿಯೊಬ್ಬರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆಯಲು ಕುಳಿತವರಿಗೆ ಮೊದಲ ತೊಡಕು ಎದುರಾಗುವುದು ‘ಕಾಂಗ್ರೆಸ್’ ಎಂಬ ಪದದಲ್ಲಿಯೇ. ‘ಜಾನ್ ಡಿಂಗೆಲ್ 59 ವರ್ಷ ಕಾಂಗ್ರೆಸ್ ಸದಸ್ಯರಾಗಿದ್ದರು’ ಎಂದು ಬರೆದರೆ ನಮ್ಮ ಓದುಗರ ಕಿವಿಗೆ ಅದು ಪಕ್ಷದ ಹೆಸರಾಗಿಯೇ ಕೇಳಿಸುತ್ತದೆ; ಮುಂದಿನ ಸಾಲಿನಲ್ಲಿ ಅವರು ಡೆಮಾಕ್ರಟಿಕ್ ಪಕ್ಷದವರೆಂದು ಓದಿದಾಗ ಗೊಂದಲ ಹೆಚ್ಚುತ್ತದೆ. ಆದ್ದರಿಂದ ಆರಂಭದಲ್ಲಿಯೇ ಒಂದು ವಾಕ್ಯದಲ್ಲಿ, ಕಾಂಗ್ರೆಸ್ ಎಂಬುದು ಅಮೆರಿಕದ ಸಂಸತ್ತು, ಅದಕ್ಕೆ 435 ಸ್ಥಾನಗಳ ಪ್ರತಿನಿಧಿ ಸಭೆ ಮತ್ತು 100 ಸ್ಥಾನಗಳ ಸೆನೆಟ್ ಎಂಬ ಎರಡು ಸದನಗಳಿವೆ ಎಂದು ತಿಳಿಸಿ, ಆಮೇಲೆ ಉದ್ದಕ್ಕೂ ‘ಪ್ರತಿನಿಧಿ ಸಭೆಯ ಸದಸ್ಯ’ ಎಂಬ ಮಾತನ್ನೇ ಬಳಸುವುದು ಒಳ್ಳೆಯದು. ಎರಡು ವರ್ಷಗಳ ಒಂದೊಂದು ಅವಧಿಗೂ ಅಲ್ಲಿ ‘ಕಾಂಗ್ರೆಸ್’ ಎಂದೇ ಹೆಸರು. ‘112ನೆಯ ಕಾಂಗ್ರೆಸ್’ ಎಂದು ಆಕರದಲ್ಲಿ ಕಂಡರೆ ಅದು ಆ ಕ್ರಮಸಂಖ್ಯೆಯ ಎರಡು ವರ್ಷಗಳ ಅವಧಿ ಎಂದು ತಿಳಿಯಬೇಕು.

ಪದಗಳು ಇತ್ಯರ್ಥವಾದ ಮೇಲೆ ಲೆಕ್ಕವನ್ನು ಇತ್ಯರ್ಥ ಮಾಡಿಕೊಳ್ಳಿ. ದೀರ್ಘಕಾಲದ ಸದಸ್ಯರ ವಿಷಯದಲ್ಲಿ ತಪ್ಪುಗಳು ಹೆಚ್ಚಾಗಿ ನುಸುಳುವುದು ‘ಎಷ್ಟು ಬಾರಿ’, ‘ಎಷ್ಟು ವರ್ಷ’ ಎಂಬಲ್ಲಿ. ಡಿಂಗೆಲ್ ಮೊದಲು ಗೆದ್ದದ್ದು 1955ರ ಡಿಸೆಂಬರ್ 13ರಂದು ನಡೆದ ಉಪಚುನಾವಣೆಯಲ್ಲಿ. ಅನಂತರ 1956ರಿಂದ 2012ರವರೆಗೆ ಎರಡು ವರ್ಷಗಳಿಗೊಮ್ಮೆ ನಡೆದ 29 ಸಾರ್ವತ್ರಿಕ ಚುನಾವಣೆಗಳಲ್ಲೂ ಗೆದ್ದು, 2015ರ ಜನವರಿ 3ರಂದು ಅವರು ಸ್ಥಾನ ಬಿಟ್ಟರು. ಎಂದರೆ ಗೆಲುವುಗಳು 30, ಪೂರ್ಣ ಅವಧಿಗಳು 29. ಈ ಎರಡು ಸಂಖ್ಯೆಗಳನ್ನು ಬೆರೆಸಬಾರದು. ದಾಖಲೆಯ ಮಾತೂ ಹಾಗೆಯೇ. ಪ್ರತಿನಿಧಿ ಸಭೆಯೊಂದರಲ್ಲೇ ಅತಿ ಹೆಚ್ಚು ಕಾಲ ಇದ್ದ ಜೇಮಿ ವಿಟನ್ ಅವರನ್ನು ಡಿಂಗೆಲ್ ಹಿಂದಿಕ್ಕಿದ್ದು 2009ರ ಫೆಬ್ರವರಿಯಲ್ಲಿ. ಎರಡೂ ಸದನಗಳ ಸೇವೆಯನ್ನು ಕೂಡಿಸಿದಾಗ ಮುಂದಿದ್ದ ರಾಬರ್ಟ್ ಬರ್ಡ್ ಅವರನ್ನು ಹಿಂದಿಕ್ಕಿದ್ದು 2013ರ ಜೂನ್ 7ರಂದು. ‘ದಾಖಲೆ ಮುರಿದರು’ ಎಂದಷ್ಟೇ ಬರೆದರೆ ಯಾವ ದಾಖಲೆ ಎಂಬ ಪ್ರಶ್ನೆ ಓದುಗರಲ್ಲಿ ಉಳಿದುಬಿಡುತ್ತದೆ. ಇಂತಹ ದಿನಾಂಕಗಳಿಗೆ ಅಮೆರಿಕದ ಸಂಸತ್ತೇ ನಡೆಸುವ ಸದಸ್ಯರ ಜೀವನಕೋಶವನ್ನು ಆಶ್ರಯಿಸಬೇಕೇ ಹೊರತು ಶ್ರದ್ಧಾಂಜಲಿ ಬರಹಗಳನ್ನಲ್ಲ.

ದಿನಾಂಕಗಳು ಕೈಗೆ ಬಂದೊಡನೆ ಅವುಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿಬಿಡುವ ಆಸೆ ಹುಟ್ಟುತ್ತದೆ: ಹುಟ್ಟಿದರು, ಓದಿದರು, ಗೆದ್ದರು, ಮತ್ತೆ ಗೆದ್ದರು. ಅರವತ್ತು ವರ್ಷಗಳ ಬದುಕನ್ನು ಹೀಗೆ ಬರೆದರೆ ಮೂರನೆಯ ಪುಟದಲ್ಲಿ ಬರೆಯುವವರಿಗೇ ಆಕಳಿಕೆ ಬರುತ್ತದೆ. ನನ್ನ ಅನುಭವದಲ್ಲಿ, ಇಂತಹವರ ಬದುಕನ್ನು ಮೂರು ವಿಷಯಗಳ ಮೂಲಕ ಹಿಡಿಯಬೇಕು: ಆ ಸ್ಥಾನ ಅವರಿಗೆ ಎಲ್ಲಿಂದ ಬಂತು, ಅವರ ಕ್ಷೇತ್ರದ ಗಡಿ ಹೇಗೆ ಬದಲಾಯಿತು, ಯಾವ ಸಮಿತಿ ಅವರ ಕೈಯಲ್ಲಿತ್ತು. ಮೂರನೆಯದಕ್ಕೆ ಹೆಚ್ಚಿನ ಜಾಗ ಕೊಡಬೇಕು.

ಡಿಂಗೆಲ್ ಅವರಿಗೆ ಸ್ಥಾನ ತಂದೆಯಿಂದ ಬಂತು. ಅದೇ ಹೆಸರಿನ ತಂದೆ, ಪೋಲೆಂಡ್ ಮೂಲದ ಡೆಟ್ರಾಯ್ಟ್ ನಗರದವರು, 1933ರಿಂದ ಪ್ರತಿನಿಧಿ ಸಭೆಯಲ್ಲಿದ್ದು 1955ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಇಬ್ಬರ ಹೆಸರೂ ಒಂದೇ ಆದ್ದರಿಂದ ‘ಹಿರಿಯ ಡಿಂಗೆಲ್’, ‘ಕಿರಿಯ ಡಿಂಗೆಲ್’ ಎಂದು ಬೇರ್ಪಡಿಸದಿದ್ದರೆ ಮಗನ ಮಸೂದೆ ತಂದೆಯ ಹೆಸರಿಗೆ ಹೋಗುತ್ತದೆ. ಆದರೆ ‘ವಂಶಪಾರಂಪರ್ಯ ರಾಜಕಾರಣ’ ಎಂಬ ನಮ್ಮಲ್ಲಿ ಸಿದ್ಧವಾಗಿರುವ ತೀರ್ಪನ್ನು ಇಲ್ಲಿ ಬರೆದು ಮುಂದೆ ಸಾಗಿದರೆ ಮುಖ್ಯವಾದುದೊಂದು ತಪ್ಪಿಹೋಗುತ್ತದೆ. 1926ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಹುಟ್ಟಿದ ಮಗ, ಹುಡುಗನಾಗಿದ್ದಾಗಲೇ ಸಭೆಯಲ್ಲಿ ಓಲೆ ಒಯ್ಯುವ ಕೆಲಸಕ್ಕೆ ಸೇರಿ, 1941ರ ಡಿಸೆಂಬರ್ 8ರಂದು ಅಧ್ಯಕ್ಷ ರೂಸ್‌ವೆಲ್ಟ್ ಜಪಾನಿನ ಮೇಲೆ ಯುದ್ಧ ಘೋಷಿಸುವಂತೆ ಕೇಳಿದಾಗ ಅದೇ ಸಭಾಂಗಣದಲ್ಲಿದ್ದ. ತಂದೆ 1943ರಲ್ಲಿ ಇಬ್ಬರು ಸೆನೆಟರ್‌ಗಳೊಂದಿಗೆ ರಾಷ್ಟ್ರೀಯ ಆರೋಗ್ಯ ವಿಮೆಯ ಮಸೂದೆಯನ್ನು ತಂದಿದ್ದರು. ಅದು ಅಂಗೀಕಾರವಾಗಲಿಲ್ಲ. ಮಗ ಸದಸ್ಯನಾದ ಮೇಲೆ ಪ್ರತಿ ಹೊಸ ಕಾಂಗ್ರೆಸ್ಸಿನ ಆರಂಭದಲ್ಲಿ ಅದೇ ಆಶಯದ ಮಸೂದೆಯನ್ನು ಮತ್ತೆ ಮಂಡಿಸುತ್ತ ಹೋದರು. 1965ರಲ್ಲಿ ವೃದ್ಧರ ಆರೋಗ್ಯ ವಿಮೆಯಾದ ಮೆಡಿಕೇರ್ ಮಸೂದೆ ಪ್ರತಿನಿಧಿ ಸಭೆಯಲ್ಲಿ ಅಂಗೀಕಾರವಾದಾಗ ಪೀಠದಲ್ಲಿ ಕುಳಿತಿದ್ದವರು ಕಿರಿಯ ಡಿಂಗೆಲ್. ಅಂದು ಬಳಸಿದ ಸುತ್ತಿಗೆಯನ್ನೇ 2010ರ ಮಾರ್ಚ್‌ನಲ್ಲಿ ಒಬಾಮಾ ಅವರ ಆರೋಗ್ಯ ಮಸೂದೆಯ ದಿನ ಸ್ಪೀಕರ್ ನ್ಯಾನ್ಸಿ ಪೆಲೋಸಿ ಡಿಂಗೆಲ್ ಅವರಿಂದ ಎರವಲು ಪಡೆದು ಬಡಿದರು. ಈ ಎಳೆ 1933ರಿಂದ 2010ರವರೆಗೆ ಒಂದೇ ಸಮನೆ ಓಡುತ್ತದೆ. ಬರಹದಲ್ಲಿ ಅದನ್ನು ತುಂಡು ತುಂಡಾಗಿ ದಶಕಗಳಿಗೆ ಹಂಚಬೇಡಿ, ಒಂದೇ ಕಡೆ ಹೇಳಿ ಮುಗಿಸಿ.

ಕ್ಷೇತ್ರದ ವಿಷಯಕ್ಕೆ ಬಂದಾಗ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ನಮ್ಮ ಲೋಕಸಭಾ ಕ್ಷೇತ್ರಗಳಿಗೆ ಊರಿನ ಹೆಸರಿದ್ದರೆ ಅಲ್ಲಿ ಇರುವುದು ಸಂಖ್ಯೆ ಮಾತ್ರ, ಹತ್ತು ವರ್ಷಗಳಿಗೊಮ್ಮೆ ಜನಗಣತಿಯ ನಂತರ ಗಡಿಗಳೂ ಸಂಖ್ಯೆಗಳೂ ಬದಲಾಗುತ್ತವೆ. ಡಿಂಗೆಲ್ ಮಿಷಿಗನ್ ರಾಜ್ಯದ 15ನೆಯ ಕ್ಷೇತ್ರದಿಂದ ಬಂದು, 1965ರಿಂದ 16ನೆಯದನ್ನು, 2003ರಿಂದ ಮತ್ತೆ 15ನೆಯದನ್ನು, ಕೊನೆಯ ಎರಡು ವರ್ಷ 12ನೆಯದನ್ನು ಪ್ರತಿನಿಧಿಸಿದರು. ಸಂಖ್ಯೆಯನ್ನು ಮಾತ್ರ ನೋಡಿದರೆ ಅವರು ಊರೂರು ಅಲೆದಂತೆ ಕಾಣುತ್ತದೆ. ನಿಜದಲ್ಲಿ ಡೆಟ್ರಾಯ್ಟ್‌ನ ಅಂಚು, ಫೋರ್ಡ್ ಕಾರು ಕಂಪನಿಯ ತವರಾದ ಡಿಯರ್‌ಬಾರ್ನ್ ಮತ್ತು ಸುತ್ತಲಿನ ಕಾರ್ಮಿಕರ ಊರುಗಳೇ ಅವರ ನೆಲೆಯಾಗಿದ್ದವು.

ಗಡಿ ಬದಲಾದಾಗ ಒಂದೇ ಪಕ್ಷದ ಇಬ್ಬರು ಹಾಲಿ ಸದಸ್ಯರು ಒಂದೇ ಕ್ಷೇತ್ರಕ್ಕೆ ಬಂದು ಬೀಳುವುದುಂಟು. ಅಭ್ಯರ್ಥಿಯನ್ನು ಅಲ್ಲಿ ಹೈಕಮಾಂಡ್ ಆಯ್ಕೆ ಮಾಡುವುದಿಲ್ಲ; ಪ್ರೈಮರಿ ಎನ್ನುವ ಪಕ್ಷದೊಳಗಿನ ಚುನಾವಣೆಯಲ್ಲಿ ಮತದಾರರೇ ಆರಿಸುತ್ತಾರೆ. ಟಿಕೆಟ್ ಹಂಚಿಕೆಯ ಸುದ್ದಿಗೆ ಒಗ್ಗಿದ ನಮ್ಮ ಓದುಗರಿಗೆ ಇದನ್ನು ಒಂದು ವಾಕ್ಯದಲ್ಲಾದರೂ ವಿವರಿಸದೆ ಬಿಡಬಾರದು. ಡಿಂಗೆಲ್ ಅವರಿಗೆ ಇಂತಹ ಹೋರಾಟ ಎರಡು ಬಾರಿ ಎದುರಾಯಿತು: 1964ರಲ್ಲಿ ಜಾನ್ ಲೆಸಿನ್ಸ್ಕಿ ಅವರೊಂದಿಗೆ, 2002ರಲ್ಲಿ ಲಿನ್ ರಿವರ್ಸ್ ಅವರೊಂದಿಗೆ. ಮೊದಲನೆಯದನ್ನು ವಿಸ್ತರಿಸಿ ಬರೆಯಬೇಕು. ಆ ವರ್ಷದ ನಾಗರಿಕ ಹಕ್ಕುಗಳ ಕಾಯಿದೆಗೆ ಡಿಂಗೆಲ್ ಪರವಾಗಿಯೂ ಲೆಸಿನ್ಸ್ಕಿ ವಿರುದ್ಧವಾಗಿಯೂ ಮತ ಹಾಕಿದ್ದರು. ಕರಿಯರ ಹಕ್ಕುಗಳ ಬಗ್ಗೆ ಬಿಳಿಯ ಮತದಾರರಲ್ಲಿ ಅಸಮಾಧಾನ ಹೊಗೆಯಾಡುತ್ತಿದ್ದ ಕೈಗಾರಿಕಾ ಪ್ರದೇಶದಲ್ಲಿ ಆ ಮತ ಅಗ್ಗದ್ದಾಗಿರಲಿಲ್ಲ, ಆದರೂ ಅವರು ಗೆದ್ದರು.

ಇಲ್ಲಿ ಒಂದು ಸಲಹೆ. ನಮ್ಮಲ್ಲಿ ಪಕ್ಷಾಂತರ ನಿಷೇಧ ಕಾನೂನಿನಿಂದಾಗಿ, ವಿಪ್ ಉಲ್ಲಂಘಿಸಿ ಮತ ಹಾಕಿದ ಸದಸ್ಯರು ಸ್ಥಾನವನ್ನೇ ಕಳೆದುಕೊಳ್ಳಬಹುದು. ಆದ್ದರಿಂದ ಸಂಸದರೊಬ್ಬರು ಹಾಕಿದ ಮತ ಅವರ ಮನಸ್ಸನ್ನು ಹೇಳುವುದು ಕಡಿಮೆ. ಅಮೆರಿಕದಲ್ಲಿ ಅಂತಹ ಕಟ್ಟು ಇಲ್ಲ. ಹೆಸರು ಹಿಡಿದು ದಾಖಲಾದ ಪ್ರತಿಯೊಂದು ಮತವೂ ಜೀವನಚರಿತ್ರೆಗೆ ಆಕರ. ಆದರೆ ಮಸೂದೆಗಳ ಸಂಖ್ಯೆಗೆ ಮರುಳಾಗಬೇಡಿ. ಮಂಡಿಸಿದವರು ಬೇರೆ, ಸಹಿ ಸೇರಿಸಿದವರು ಬೇರೆ. ಮಂಡನೆಯಾದ ಸಾವಿರಾರು ಮಸೂದೆಗಳಲ್ಲಿ ಕಾಯಿದೆಯಾಗುವವು ಕೆಲವೇ. ಸಭೆಯ ನಡಾವಳಿಯಲ್ಲಿ ಅಚ್ಚಾದ ಭಾಷಣವನ್ನೂ ಆಡಿದ ಮಾತಿನ ಪಡಿಯಚ್ಚೆಂದು ನಂಬುವಂತಿಲ್ಲ, ಏಕೆಂದರೆ ಆಮೇಲೆ ತಿದ್ದಿ ವಿಸ್ತರಿಸಲು ಸದಸ್ಯರಿಗೆ ಅನುಮತಿ ಸಿಗುತ್ತದೆ.

ಇನ್ನು ಸಮಿತಿ. ಡಿಂಗೆಲ್ ಅವರ ನಿಜವಾದ ಅಧಿಕಾರವಿದ್ದದ್ದು ಇಂಧನ ಮತ್ತು ವಾಣಿಜ್ಯ ಸಮಿತಿಯ ಅಧ್ಯಕ್ಷ ಪೀಠದಲ್ಲಿ. 1981ರಿಂದ 1995ರವರೆಗೆ, ಮತ್ತೆ 2007ರಿಂದ 2009ರವರೆಗೆ ಅವರು ಆ ಪೀಠದಲ್ಲಿದ್ದರು. ನಮ್ಮ ಸ್ಥಾಯಿ ಸಮಿತಿಗಳ ವರದಿಯನ್ನು ಸರ್ಕಾರ ಒಪ್ಪಬಹುದು, ಬಿಡಬಹುದು. ಅಲ್ಲಿನ ಸಮಿತಿಯ ಅಧ್ಯಕ್ಷರು ಮನಸ್ಸು ಮಾಡದಿದ್ದರೆ ಮಸೂದೆ ಸಾಮಾನ್ಯವಾಗಿ ಸದನದ ಬಾಗಿಲನ್ನೇ ಕಾಣುವುದಿಲ್ಲ, ಜೊತೆಗೆ ಅಧಿಕಾರಿಗಳನ್ನು ಕರೆಸಿ ಪ್ರಮಾಣ ಮಾಡಿಸಿ ವಿಚಾರಿಸುವ ಹಕ್ಕೂ ಅವರಿಗಿರುತ್ತದೆ. ತಮ್ಮ ಸಮಿತಿಯ ವ್ಯಾಪ್ತಿ ಎಲ್ಲಿಯವರೆಗೆ ಎಂದು ಕೇಳಿದವರಿಗೆ ಡಿಂಗೆಲ್ ಗೋಡೆಯ ಮೇಲಿದ್ದ, ಬಾಹ್ಯಾಕಾಶದಿಂದ ತೆಗೆದ ಭೂಮಿಯ ಚಿತ್ರವನ್ನು ತೋರಿಸುತ್ತಿದ್ದರಂತೆ. ಎಲ್ಲ ಬರಹಗಳಲ್ಲೂ ಬರುವ ಪ್ರಸಂಗ ಇದು, ಬಳಸುವುದಾದರೆ ಒಮ್ಮೆ ಮಾತ್ರ ಬಳಸಿ. ಅದಕ್ಕಿಂತ ‘ಡಿಂಗೆಲ್‌ಗ್ರಾಂ’ಗಳ ಕಡೆಗೆ ಗಮನ ಕೊಡಿ: ಇಲಾಖೆಗಳಿಗೆ ಅವರು ಬರೆಯುತ್ತಿದ್ದ, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಉತ್ತರಕ್ಕೆ ಗಡುವು ಹಾಕುವ ಪತ್ರಗಳಿಗೆ ವಾಷಿಂಗ್ಟನ್‌ನಲ್ಲಿ ಬಿದ್ದ ಹೆಸರು ಅದು. ರೇಗನ್ ಅವರ ಕಾಲದಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆಯ ವಿಷತ್ಯಾಜ್ಯ ನಿಧಿಯ ಬಗ್ಗೆ ನಡೆದ ಸಂಸದೀಯ ತನಿಖೆಗಳಲ್ಲಿ ಅವರ ಪಾತ್ರ ದೊಡ್ಡದು. ಆ ಪ್ರಕರಣದಲ್ಲಿ ಸಂಸ್ಥೆಯ ಮುಖ್ಯಸ್ಥೆ 1983ರಲ್ಲಿ ರಾಜೀನಾಮೆ ಕೊಟ್ಟರು, ನಿಧಿಯ ಹೊಣೆ ಹೊತ್ತಿದ್ದ ರೀಟಾ ಲಾವೆಲ್ ಸುಳ್ಳು ಸಾಕ್ಷ್ಯದ ಅಪರಾಧಕ್ಕಾಗಿ ಜೈಲಿಗೆ ಹೋದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸಂಶೋಧನೆಯ ಪರೋಕ್ಷ ವೆಚ್ಚದ ಹೆಸರಿನಲ್ಲಿ ವಿಹಾರನೌಕೆಯ ಸವಕಳಿಯನ್ನೂ ಸರ್ಕಾರದ ಲೆಕ್ಕಕ್ಕೆ ಹಾಕಿದ ಸಂಗತಿಯನ್ನು 1991ರಲ್ಲಿ ಬಹಿರಂಗ ವಿಚಾರಣೆಗೆ ತಂದವರೂ ಅವರೇ.

ಇಲ್ಲಿಗೆ ನಿಲ್ಲಿಸಿದರೆ ಅದು ಹೊಗಳಿಕೆಯಾಗುತ್ತದೆ. ರೋಗನಿರೋಧಕ ಶಾಸ್ತ್ರದ ವಿಜ್ಞಾನಿ ಥೆರೆಜಾ ಇಮಾನಿಶಿ-ಕಾರಿ ಅವರ ಮೇಲೆ ಸಂಶೋಧನಾ ವಂಚನೆಯ ಆರೋಪ ಬಂದಾಗ, ಡಿಂಗೆಲ್ ಅವರ ಉಪಸಮಿತಿ ಅವರ ಪ್ರಯೋಗಶಾಲೆಯ ಟಿಪ್ಪಣಿ ಪುಸ್ತಕಗಳನ್ನು ಅಧ್ಯಕ್ಷರ ಕಾವಲಿಗಿರುವ ಸೀಕ್ರೆಟ್ ಸರ್ವಿಸ್‌ನಿಂದ ಪರೀಕ್ಷೆ ಮಾಡಿಸಿತು. ಅವರ ಸಹಲೇಖಕರಾಗಿದ್ದ, ನೊಬೆಲ್ ಪುರಸ್ಕೃತ ಡೇವಿಡ್ ಬಾಲ್ಟಿಮೋರ್ ಇದೇ ವಿವಾದದ ಒತ್ತಡದಲ್ಲಿ ರಾಕ್‌ಫೆಲರ್ ವಿಶ್ವವಿದ್ಯಾಲಯದ ಅಧ್ಯಕ್ಷ ಸ್ಥಾನ ಬಿಟ್ಟರು. 1996ರಲ್ಲಿ ಮೇಲ್ಮನವಿ ಮಂಡಳಿ ಇಮಾನಿಶಿ-ಕಾರಿ ಅವರನ್ನು ಆರೋಪದಿಂದ ಮುಕ್ತಗೊಳಿಸಿತು. ಲಾವೆಲ್ ಪ್ರಕರಣದಲ್ಲಿ ಕಂಡ ಪಟ್ಟುಬಿಡದ ಗುಣವೇ ಇಲ್ಲಿ ಒಬ್ಬ ನಿರಪರಾಧಿಯನ್ನು ವರ್ಷಗಟ್ಟಲೆ ಹಿಂಡಿತು. ಆದ್ದರಿಂದ ಎರಡನ್ನೂ ಅಕ್ಕಪಕ್ಕದಲ್ಲಿಡಬೇಕು; ಎರಡನೆಯದನ್ನು ‘ಟೀಕೆಗಳು’ ಎಂಬ ಕೊನೆಯ ಮೂಲೆಗೆ ತಳ್ಳುವ ರೂಢಿ ನನಗಂತೂ ಸರಿಕಾಣುವುದಿಲ್ಲ.

ಪರಿಸರದ ವಿಷಯವನ್ನು ಬರೆಯುವಾಗ ಇನ್ನೂ ಎಚ್ಚರ ಬೇಕು. ಬೇಟೆಗಾರರಾಗಿದ್ದ ಡಿಂಗೆಲ್ 1969ರ ರಾಷ್ಟ್ರೀಯ ಪರಿಸರ ನೀತಿ ಕಾಯಿದೆ ಮತ್ತು 1973ರ ಅಳಿವಿನಂಚಿನ ಜೀವಿಗಳ ಕಾಯಿದೆಯ ಶಿಲ್ಪಿಗಳಲ್ಲೊಬ್ಬರು. ಅದೇ ವ್ಯಕ್ತಿ 1980ರ ದಶಕದುದ್ದಕ್ಕೂ ಕಾರುಗಳ ಹೊಗೆಯ ಮೇಲಿನ ಬಿಗಿ ನಿಯಮಗಳನ್ನು ತಡೆಹಿಡಿದು, ತಮ್ಮದೇ ಪಕ್ಷದ ಕ್ಯಾಲಿಫೋರ್ನಿಯಾದ ಹೆನ್ರಿ ವ್ಯಾಕ್ಸ್‌ಮನ್ ಅವರೊಂದಿಗೆ ಸೆಣಸಿದರು. 1990ರಲ್ಲಿ ಇಬ್ಬರೂ ರಾಜಿಗೆ ಬಂದ ಮೇಲೆಯೇ ಶುದ್ಧ ಗಾಳಿ ಕಾಯಿದೆಯ ತಿದ್ದುಪಡಿ ಸಾಧ್ಯವಾಯಿತು. ಇದನ್ನು ‘ವಿರೋಧಾಭಾಸ’ ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ನಕ್ಷೆಯನ್ನು ಮತ್ತೊಮ್ಮೆ ನೋಡಿದರೆ, ಕಾಡು ಮತ್ತು ಬಾತುಕೋಳಿಗಳು ಅವರ ಹವ್ಯಾಸವಾಗಿದ್ದವು, ಕಾರು ಕಾರ್ಖಾನೆ ಅವರ ಮತದಾರರ ಅನ್ನವಾಗಿತ್ತು. ಬಂದೂಕಿನ ವಿಷಯದಲ್ಲೂ ಹೀಗೆಯೇ: ರಾಷ್ಟ್ರೀಯ ರೈಫಲ್ ಸಂಘದ ನಿರ್ದೇಶಕ ಮಂಡಳಿಯಲ್ಲಿದ್ದ ಅವರು, ಕೆಲವು ಬಗೆಯ ಬಂದೂಕುಗಳ ನಿಷೇಧವನ್ನು ಒಳಗೊಂಡಿದ್ದ 1994ರ ಅಪರಾಧ ನಿಯಂತ್ರಣ ಮಸೂದೆಗೆ ಮತ ಹಾಕಿ ಆ ಮಂಡಳಿಯಿಂದ ಹೊರಬಂದರು.

ಅವರ ಪತನವನ್ನು ಎಲ್ಲಿಡಬೇಕು? ಹೆಚ್ಚಿನವರು 2014ರ ನಿವೃತ್ತಿ ಘೋಷಣೆಯನ್ನು ಕೊನೆಯ ತಿರುವೆಂದು ಬರೆಯುತ್ತಾರೆ. ನನ್ನ ಪ್ರಕಾರ ಅದು 2008ರ ನವೆಂಬರ್‌ನದು. ಒಬಾಮಾ ಗೆದ್ದ ಕೆಲವೇ ದಿನಗಳಲ್ಲಿ ವ್ಯಾಕ್ಸ್‌ಮನ್ ಸಮಿತಿಯ ಅಧ್ಯಕ್ಷ ಪೀಠಕ್ಕೆ ಸ್ಪರ್ಧಿಸಿ, ಪಕ್ಷದ ಸದಸ್ಯರ ಗುಪ್ತ ಮತದಾನದಲ್ಲಿ 137ಕ್ಕೆ 122ರಂತೆ ಗೆದ್ದರು. ಹಿರಿತನವೇ ಪೀಠದ ಹಕ್ಕು ಎಂಬ ಹಳೆಯ ರೂಢಿ ಅಲ್ಲಿ ಮುರಿಯಿತು, ಮತ್ತು ಡಿಂಗೆಲ್ ದಾಖಲೆಗಳನ್ನು ಮುರಿದದ್ದೆಲ್ಲ ಆ ಪೀಠ ಹೋದ ಮೇಲೆ. ಸೇವೆಯ ಉದ್ದ ಬೇರೆ, ಅಧಿಕಾರದ ಉದ್ದ ಬೇರೆ ಎಂಬುದು ಈ ಎರಡು ದಿನಾಂಕಗಳನ್ನು ಜೊತೆಗಿಟ್ಟಾಗ ತಾನಾಗಿಯೇ ಕಾಣುತ್ತದೆ, ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯ ಭಾಗವನ್ನು ಚಿಕ್ಕದಾಗಿಡಿ. 2014ರ ನವೆಂಬರ್‌ನಲ್ಲಿ ಬಂದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ, ನಿವೃತ್ತಿಯ ನಂತರ ಟ್ವಿಟರ್‌ನಲ್ಲಿ ಹರಿಸಿದ ಚಾಟಿಮಾತುಗಳು, 2019ರ ಫೆಬ್ರವರಿ 7ರಂದು ಡಿಯರ್‌ಬಾರ್ನ್‌ನಲ್ಲಿ 92ನೆಯ ವಯಸ್ಸಿನಲ್ಲಿ ಬಂದ ಸಾವು, ಇಷ್ಟಕ್ಕೆ ಒಂದು ಕಂಡಿಕೆ ಸಾಕು. ಸ್ಥಾನದ ಮುಂದಿನ ಕಥೆಯನ್ನು ಮಾತ್ರ ಬಿಡಬೇಡಿ. ‘ಪತಿಯ ಮರಣಾನಂತರ ಪತ್ನಿ’ ಎಂಬ ನಮಗೆ ಪರಿಚಿತವಾದ ಸಾಲು ಇಲ್ಲಿ ತಪ್ಪಾಗುತ್ತದೆ, ಏಕೆಂದರೆ ಡೆಬ್ಬಿ ಡಿಂಗೆಲ್ 2014ರ ಚುನಾವಣೆಯಲ್ಲಿ ಗೆದ್ದು 2015ರ ಜನವರಿಯಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ಪತಿ ಬದುಕಿದ್ದರು. 2023ರಿಂದ ಅವರು ಪ್ರತಿನಿಧಿಸುತ್ತಿರುವುದು ಹೊಸ ಗಡಿಗಳ 6ನೆಯ ಕ್ಷೇತ್ರವನ್ನು. ಆ ಸಂಖ್ಯೆಯನ್ನು ಬರೆಯುವ ಮೊದಲು ನಕ್ಷೆಯನ್ನು ಇನ್ನೊಮ್ಮೆ ತೆರೆದು ನೋಡಿ.