ನಮ್ಮೂರ ಸ್ಕೂಲಿಗೆ ಗಾರೆ ಅರೆದದ್ದು

1960ರ ಆಸುಪಾಸಿನ ಮಾತು. ಪಾಂಡವಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಮಕ್ಕಳಿಗೆ ಪಾಠ ನಡೆಯುತ್ತಿದ್ದದ್ದು ಗುಡಿ ಜಗುಲಿಯ ಮೇಲೆ. ಹಬ್ಬ ಬಂದರೆ ಪಾಠ ಇಲ್ಲ, ಮಳೆ ಬಂದರೂ ಇಲ್ಲ. 1952ರಲ್ಲೇ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಗಿ ಶ್ರಮದಾನದ ಮಾತು ಹಳ್ಳಿಗಳಿಗೂ ಬಂದಿತ್ತು. ಕೊನೆಗೆ ಊರವರೇ ಸೇರಿ ಸ್ಕೂಲು ಕಟ್ಟೋಣ ಅಂತ ತೀರ್ಮಾನ ಮಾಡಿದರು. ಗೋಡೆ ಕೆಲಸ ನನ್ನ ದೊಡ್ಡಪ್ಪನಿಗೂ ನನಗೂ ಬಂತು. ನಾನಾಗ ಕರಣೆ ಹಿಡಿಯಲು ಕಲಿತಿದ್ದ ಹುಡುಗ.

ಸಂಕ್ರಾಂತಿ ಆದಮೇಲೆ ಕೆಲಸ ಹಿಡಿದೆವು. ಆಗ ಕಣದ ಕೆಲಸ ಮುಗಿದಿರುತ್ತದೆ, ಎತ್ತು, ಗಾಡಿ, ಆಳು ಎಲ್ಲ ಸಿಗುತ್ತವೆ. ಮುಂಗಾರಿನೊಳಗೆ ಹೆಂಚು ಏರಲೇಬೇಕು. ಗಟ್ಟಿ ನೆಲ ಸಿಗೋವರೆಗೂ ಪಾಯ ಅಗೆದು ಕಲ್ಲು ತುಂಬಿದೆವು.

ನಿಜವಾದ ಕೆಲಸ ಇದ್ದದ್ದು ಗಾರೆಯಲ್ಲಿ. ಸುಟ್ಟ ಸುಣ್ಣದ ಕಲ್ಲನ್ನು ಗುಂಡಿಗೆ ಹಾಕಿ ನೀರು ಬಿಟ್ಟರೆ ಕೊತಕೊತ ಕುದಿಯುತ್ತದೆ, ಹತ್ತಿರ ಮಕ್ಕಳನ್ನು ಬಿಡುತ್ತಿರಲಿಲ್ಲ. ಅದು ಚೆನ್ನಾಗಿ ನೆನೆಯಬೇಕು. ಆಮೇಲೆ ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಮರಳು ಸೇರಿಸಿ ಗಾರೆ ಗಾಣಕ್ಕೆ ಹಾಕುವುದು. ಗಾಣ ಅಂದರೆ ದುಂಡನೆಯ ಕಲ್ಲಿನ ಕಾಲುವೆ, ಅದರೊಳಗೆ ಎತ್ತು ಎಳೆಯುವ ಕಲ್ಲಿನ ಚಕ್ರ. ನಮ್ಮದು ಕಬ್ಬಿನ ಸೀಮೆ ಅಲ್ವಾ, ಆಲೆಮನೆಯಲ್ಲಿ ಕೊಪ್ಪರಿಗೆ ತೊಳೆದ ಬೆಲ್ಲದ ನೀರನ್ನೇ ತಂದು ಸುರಿಯುತ್ತಿದ್ದೆವು. ಅದರಿಂದ ಅಂಟು ಜಾಸ್ತಿ ಬರುತ್ತದೆ. ಗಾರೆ ಬೆಣ್ಣೆ ಹಾಗೆ ಆಗಬೇಕು. ಕರಣೆಯ ಮೇಲೆ ತೆಗೆದುಕೊಂಡು ತಲೆಕೆಳಗು ಮಾಡಿದಾಗ ಬೀಳದಿದ್ದರೆ ದೊಡ್ಡಪ್ಪ ತಲೆ ಆಡಿಸುತ್ತಿದ್ದರು. ಇಲ್ಲದಿದ್ದರೆ ಎತ್ತು ಮತ್ತೆ ಸುತ್ತಬೇಕು. ಸುಮ್ನೆ ಅವಸರ ಮಾಡಿದ ಗಾರೆ ಮಳೆಗಾಲದಲ್ಲಿ ಉದುರಿಹೋಗುತ್ತದೆ.

ಗೋಡೆ ಒಂದೂವರೆ ಅಡಿ ದಪ್ಪ. ಕಿಟಕಿಗಳನ್ನು ತಗ್ಗಿನಲ್ಲೇ ಇಟ್ಟೆವು, ಮಕ್ಕಳು ಕೂರುವುದು ನೆಲದ ಮೇಲಲ್ವಾ, ಗಾಳಿ ಅವರಿಗೆ ಬೀಸಬೇಕು. ಬೋರ್ಡಿಗೆ ಮುಖ ಮಾಡಿ ಕೂತಾಗ ಬೆಳಕು ಎಡಗಡೆಯಿಂದ ಬರುವಂತೆ ನೋಡಿಕೊಂಡೆವು. ಬಲಗೈಯಲ್ಲಿ ಬರೆಯುವಾಗ ಸ್ಲೇಟಿನ ಮೇಲೆ ನೆರಳು ಬೀಳಬಾರದು ಅಂತ. ಮೇಷ್ಟ್ರು ಹೇಳಿದ ಈ ಮಾತು ನನಗೆ ತುಂಬ ಹಿಡಿಸಿತು. ಆಮೇಲೆ ಕಟ್ಟಿದ ಪ್ರತಿ ಸ್ಕೂಲಿನಲ್ಲೂ ಪಾಲಿಸಿದೆ.

ಬೋರ್ಡನ್ನೂ ಗೋಡೆಯಲ್ಲೇ ಮಾಡಿದ್ದು. ನಯವಾಗಿ ತಿಕ್ಕಿದ ಗಾರೆಗೆ ಇದ್ದಿಲ ಪುಡಿ, ತೊಂಡೆಸೊಪ್ಪು ಸೇರಿಸಿ ಉಜ್ಜಿದರೆ ಕಪ್ಪಗಾಗುತ್ತಿತ್ತು. ಅದನ್ನು ಉಜ್ಜುವುದು ಮಕ್ಕಳ ಪಾಲಿನ ಕೆಲಸ.

ಮಂಗಳೂರು ಹೆಂಚು ಬಂದ ದಿನ ಇಡೀ ಊರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿತು. ಸೂರಂಚಿನಿಂದ ಮೇಲಕ್ಕೆ ಜೋಡಿಸುತ್ತಾ ಹೋಗಿ, ನೆತ್ತಿಗೆ ಮೂಲೆ ಹೆಂಚು ಕೂರಿಸಿ ಗಾರೆ ಬಿಗಿದೆವು.

ಈಗ ಇಂಥ ಹಳೇ ಸ್ಕೂಲುಗಳ ದುರಸ್ತಿಗೆ ಹೋದವರು ಸುಣ್ಣದ ಗೋಡೆ ಮೇಲೆ ಸಿಮೆಂಟು ಬಳಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗಿನ ತೇವ ಹೊರಗೆ ಬರಲು ದಾರಿ ಇಲ್ಲದೆ ಗೋಡೆ ಹಾಳಾಗುತ್ತದೆ. ಸುಣ್ಣದ ಗಾರೆಯನ್ನೇ ಅರೆಸಿ ಹಾಕಿಸಿ, ಸಮಯ ಹಿಡಿದರೂ ಪರವಾಗಿಲ್ಲ.