ನಿಮ್ಮ ಬೀದಿಯ ಸೊಳ್ಳೆ ಮ್ಯಾಪ್ ನೀವೇ ಮಾಡಿ

ದಾವಣಗೆರೆಯಲ್ಲಿ ಡೆಂಗಿ ಶುರುವಾದ ಕೂಡಲೇ ಎಲ್ಲರೂ ಕೇಳೋದು ಎಷ್ಟು ಜನಕ್ಕೆ ಬಂತು ಅಂತ. ಸೊಳ್ಳೆ ಎಲ್ಲಿ ಹುಟ್ಟುತ್ತಿದೆ ಅಂತ ಕೇಳುವವರು ಕಡಿಮೆ. ಜ್ವರ ಬಂದವರ ವಿಳಾಸ ಹಿಡಿದು ಮ್ಯಾಪ್ ಮಾಡಿದರೆ ದಾರಿ ತಪ್ಪಬಹುದು, ಯಾಕೆಂದರೆ ಸೊಳ್ಳೆ ಕಚ್ಚಿದ 4ರಿಂದ 10 ದಿನಕ್ಕೆ ಜ್ವರ ಕಾಣಿಸುತ್ತದೆ, ಕಚ್ಚಿದ್ದು ಮನೆಯಲ್ಲೋ, ಕೆಲಸದ ಜಾಗದಲ್ಲೋ, ನೆಂಟರ ಊರಲ್ಲೋ ಯಾರಿಗೆ ಗೊತ್ತು? ಅದಕ್ಕೇ ನಾವು ಗುರುತು ಹಾಕಬೇಕಾದದ್ದು ಲಾರ್ವಾ, ಅಂದರೆ ಸೊಳ್ಳೆ ಮರಿಹುಳು ಇರುವ ನೀರನ್ನು.

ಇಡೀ ವಾರ್ಡ್ ಬೇಡ. ವಿನೋಬನಗರವೋ ನಿಟುವಳ್ಳಿಯೋ, ನಾಲ್ಕೈದು ಬೀದಿ ಸಾಕು. ಮೊಬೈಲಿಗೆ ಸಮೀಕ್ಷೆಯ ಮಾಹಿತಿ ತುಂಬುವ ಕೋಬೋಕಲೆಕ್ಟ್ ಆ್ಯಪ್ ಹಾಕಿಕೊಳ್ಳಿ. ಅದು ಉಚಿತ, ಫಾರಂ ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ತುಂಬಬಹುದು. ಫಾರಂನಲ್ಲಿ ನಾಲ್ಕೇ ಪ್ರಶ್ನೆ ಇರಲಿ: ಜಾಗದ ಜಿಪಿಎಸ್, ಯಾವ ಪಾತ್ರೆ, ಲಾರ್ವಾ ಇದೆಯೋ ಇಲ್ಲವೋ, ಒಂದು ಫೋಟೋ. ಮನೆಯವರ ಹೆಸರು, ಫೋನ್ ನಂಬರ್ ಕೇಳಬೇಡಿ.

ಆಶಾ ಕಾರ್ಯಕರ್ತೆಯ ಜೊತೆಗೇ ಹೋಗಿ, ಗುರುತಿನ ಮುಖ ಕಂಡರೆ ಜನ ಬಾಗಿಲು ತೆಗೆಯುತ್ತಾರೆ. ಕೈಯಲ್ಲಿ ಟಾರ್ಚ್ ಇರಲಿ. ನಾವು ಚರಂಡಿ ನೋಡಿ ಹೆದರುತ್ತೇವೆ, ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಮೊಟ್ಟೆ ಇಡುವುದು ತಿಳಿನೀರಿನಲ್ಲಿ. ನಲ್ಲಿ ನೀರು ದಿನಾ ಬರದ ಬೀದಿಗಳಲ್ಲಿ ಡ್ರಮ್ಮು, ಸಂಪು ಜಾಸ್ತಿ ಅಲ್ವಾ, ಅಲ್ಲೇ ಮೊದಲು ಬಗ್ಗಿ ನೋಡಿ. ಆಮೇಲೆ ಫ್ರಿಜ್ ಹಿಂದಿನ ಟ್ರೇ, ಕೂಲರ್, ಹಳೇ ಟೈರ್, ತೆಂಗಿನ ಚಿಪ್ಪು. ಜಿಪಿಎಸ್ ಒತ್ತಿ ತಕ್ಷಣ ಸೇವ್ ಮಾಡಬೇಡಿ, ಬಯಲಲ್ಲಿ ನಿಂತು ನಿಖರತೆ 5–10 ಮೀಟರಿಗೆ ಇಳಿಯುವವರೆಗೆ ಕಾಯಿರಿ.

ಲಾರ್ವಾ ಸಿಗದ ಮನೆಯನ್ನೂ ಬರೆದುಕೊಳ್ಳಲೇಬೇಕು. ಇಲ್ಲದಿದ್ದರೆ ನೀವು ಹೆಚ್ಚು ಓಡಾಡಿದ ಬೀದಿಯೇ ಕೆಟ್ಟ ಬೀದಿಯಾಗಿ ಕಾಣುತ್ತದೆ. 60 ಮನೆ ನೋಡಿ 6ರಲ್ಲಿ ಲಾರ್ವಾ ಸಿಕ್ಕರೆ ನೂರಕ್ಕೆ 10 ಆಯಿತು. ಇದನ್ನೇ ಹೌಸ್ ಇಂಡೆಕ್ಸ್ ಅನ್ನುತ್ತಾರೆ, 5 ದಾಟಿದರೆ ಡೆಂಗಿ ಹರಡುವ ಅಪಾಯವಿದೆ ಅಂತ ಲೆಕ್ಕ.

ಮನೆಗೆ ಬಂದು ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಮ್ಯಾಪ್ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ಗೆ ಹಾಕಿ, ಇದೂ ಉಚಿತ. ದಾವಣಗೆರೆ ಇರುವುದು ಸುಮಾರು 14.46 ಅಕ್ಷಾಂಶ, 75.92 ರೇಖಾಂಶದಲ್ಲಿ. ಎಕ್ಸ್ ಕಾಲಂಗೆ ರೇಖಾಂಶ, ವೈಗೆ ಅಕ್ಷಾಂಶ. ಅದಲುಬದಲಾದರೆ ನಿಟುವಳ್ಳಿಯ ಡ್ರಮ್ಮು ನಾರ್ವೆಯ ಉತ್ತರಕ್ಕೆ ಸಮುದ್ರದಲ್ಲಿ ಕಾಣಿಸುತ್ತದೆ. ಆಮೇಲೆ ಲೇಯರನ್ನು (ಚುಕ್ಕಿಗಳ ಪದರವನ್ನು) ಯುಟಿಎಂ ಅನ್ನುವ ಮೀಟರ್ ಲೆಕ್ಕದ ನಕ್ಷೆ ಪದ್ಧತಿಯ 43 ಉತ್ತರ ವಲಯಕ್ಕೆ ಬದಲಿಸಿ, ಆಗಲೇ ದೂರ ಮೀಟರಿನಲ್ಲಿ ಸಿಗುವುದು. ಲಾರ್ವಾ ಸಿಕ್ಕ ಪ್ರತಿ ಚುಕ್ಕಿಯ ಸುತ್ತ 100 ಮೀಟರ್ ಬಫರ್, ಅಂದರೆ ವೃತ್ತ ಎಳೆಯಿರಿ. ಈಡಿಸ್ ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ತುಂಬಾ ದೂರ ಹಾರುವುದಿಲ್ಲ. ವೃತ್ತಗಳು ಒಂದರ ಮೇಲೊಂದು ಬಿದ್ದ ಕಡೆ ಅಂಗನವಾಡಿ, ಶಾಲೆ ಇದ್ದರೆ ಮೊದಲು ಅಲ್ಲಿಗೆ ಓಡಿ.

ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಪೂರ್ತಿ ಮ್ಯಾಪ್ ಕೊಡಿ. ವಾಟ್ಸ್ಆ್ಯಪ್ ಗ್ರೂಪಿಗೆ ಮಾತ್ರ ಚುಕ್ಕಿ ತೆಗೆದು, ಬೀದಿಗೊಂದು ಬಣ್ಣ ಹಾಕಿ ಕಳಿಸಿ, ಯಾರ ಮನೆಯತ್ತಲೂ ಬೆರಳು ತೋರಿಸುವಂತೆ ಆಗಬಾರದು.

ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು, ಹಾಗಾಗಿ ಮಳೆಗಾಲದಲ್ಲಿ ವಾರಕ್ಕೊಮ್ಮೆ ಅದೇ ಬೀದಿ ಸುತ್ತಬೇಕು. ಮುಂದಿನ ವಾರವೂ ಅದೇ ಡ್ರಮ್ಮಿನಲ್ಲಿ ಲಾರ್ವಾ ಕಂಡರೆ ಬಹುಶಃ ಸುಮ್ನೆ ನೀರು ಚೆಲ್ಲಿರುತ್ತಾರೆ, ಉಜ್ಜಿರುವುದಿಲ್ಲ. ಮೊಟ್ಟೆ ಒಳಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ, ಬ್ರಷ್ ಹಾಕಿ ತಿಕ್ಕಿ ಅಂತ ಹೇಳಿ.